ಎತ್ತಿನ ನಡಿಗೆ

೬ ಮಾರ್ಚ್ ೨೦೦೫, ಭಾನುವಾರ

ಇವತ್ತು ಮೂರನೇ ಸಲ ಮಜ್ಜಿಗೆ ಕಟ್ಟೆಯ ಮೇಲೆ ಹರಿಯಿತು. ಇವರು ತಂಬಿಗೆಯಿಂದ ಲೋಟಕ್ಕೆ ಸುರಿಯುತ್ತಾರೆ. ಲೋಟ ತುಂಬುತ್ತದೆ, ಚೆಲ್ಲುತ್ತದೆ, ಕಟ್ಟೆಯಿಂದ ಇಳಿದು ನೆಲಕ್ಕೆ ಬರುತ್ತದೆ. ಇವರು ಕಣ್ಣು ಬಿಟ್ಟುಕೊಂಡು ನೋಡುತ್ತಲೇ ಸುರಿಯುತ್ತಾರೆ! "ರೀ, ಕಣ್ಣು ಎಲ್ಲಿಟ್ಟೀರಿ?" ಅಂದರೆ, "ಈಗಷ್ಟ ಅರ್ಧ ಇತ್ತಲ್ಲ" ಅನ್ನುತ್ತಾರೆ. ಒರೆಸುವವಳು ಯಾರು? ನಾನು. ಅತ್ತೆಯ ಸೊಂಟ ಬಗ್ಗುವುದಿಲ್ಲ, ಮಗಳು ಸ್ನೇಹಾ ಮದುವೆಯಾಗಿ ನನ್ನ ತವರೂರು ಬ್ಯಾಡಗಿಗೇ ಹೋದಳು.

ಜ್ವರ, ತಲೆಶೂಲೆ, ಫಿಟ್ಸು ಎಂದು ಫೆಬ್ರುವರಿಯಲ್ಲಿ ಇವರನ್ನು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹದಿನಾರು ದಿನ ಮಲಗಿಸಿದ್ದೆವು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತಂತೆ. ಗಂಡಾಂತರ ಕಳೆಯಿತು, ಮನೆಗೆ ಕರೆದುಕೊಂಡು ಹೋಗಿ ಎಂದರು. ಕರೆದುಕೊಂಡು ಬಂದೆ. ಕೈಕಾಲು ಆಡುತ್ತವೆ, ಮಾತು ಸರಿಯಿದೆ, ಊಟ ಎಂದಿನಂತೆ. ಆದರೆ ಬಂದಾಗಿನಿಂದ ನಾನು ಮಾತಾಡಿದರೆ ಮುಖ ತಿರುಗಿಸುತ್ತಾರೆ. ಗೋಡೆ ನೋಡುತ್ತ "ಹೂಂ" ಅನ್ನುತ್ತಾರೆ. ಹದಿನಾರು ರಾತ್ರಿ ಸ್ಟೂಲಿನ ಮೇಲೆ ಕುಳಿತು ಕಾದವಳಿಗೆ ಸಿಕ್ಕ ಬಹುಮಾನ ಇದು.

ಐದನೇ ತರಗತಿಯ ಅರವತ್ತೆರಡು ಉತ್ತರಪತ್ರಿಕೆ ಹಾಗೇ ಬಿದ್ದಿವೆ. ಅವನ್ನು ತಿದ್ದುವುದು ಬಿಟ್ಟು ಪಾಠಟಿಪ್ಪಣಿಯ ಹಿಂದಿನ ಹಾಳೆಯಲ್ಲಿ ಇದನ್ನು ಬರೆಯುತ್ತ ಕುಳಿತಿದ್ದೇನೆ. ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕಲ್ಲ.

೧೦ ಮಾರ್ಚ್, ಗುರುವಾರ

ಬೇಡವೆಂದರೂ ಹಾವೇರಿ ದನದ ಸಂತೆಗೆ ಹೋದರು. ನನ್ನ ಗಂಡ ಎತ್ತಿನ ದಲಾಲಿ ಎಂದು ಇಪ್ಪತ್ತೆರಡು ವರ್ಷದಲ್ಲಿ ಶಾಲೆಯಲ್ಲಿ ಒಬ್ಬರ ಮುಂದೆಯೂ ಹೇಳಿಲ್ಲ. "ವ್ಯಾಪಾರ" ಅನ್ನುತ್ತೇನೆ. ಸಂತೆಯಿಂದ ಬಂದವರು ಹಿತ್ತಲಲ್ಲಿ ಕಾಲು ತೊಳೆದು, ಬಟ್ಟೆ ಬದಲಿಸಿ ಒಳಗೆ ಬರಬೇಕು. ಈ ಮನೆಯಲ್ಲಿ ನಾನು ತಂದ ಒಂದೇ ಒಂದು ಕಾಯಿದೆ ಅದು.

ಬೆಳಿಗ್ಗೆ ಏಳಕ್ಕೆ ರಾಣೆಬೆನ್ನೂರು ಬಸ್‌ಸ್ಟ್ಯಾಂಡಿಗೆ ಹೋದವರಿಗೆ ಎರಡು ಬಸ್ಸು ತಪ್ಪಿದವಂತೆ. ಎದುರಿಗೇ ನಿಂತವರಿಗೆ! ಕೇಳಿದರೆ, "ಬಸ್ಸು ದೂರ ಇತ್ತು. ಒಮ್ಮಿಂದೊಮ್ಮೆಲೆ ಮುಂದ ಇತ್ತು. ಹತ್ತಬೇಕನ್ನೂದ್ರಾಗ ಇರಲೇ ಇಲ್ಲ" ಎಂದರು. ನನ್ನ ತರಗತಿಯಲ್ಲಿ ತಡವಾಗಿ ಬರುವ ಮಕ್ಕಳು ಇದಕ್ಕಿಂತ ಚೆನ್ನಾಗಿ ಸುಳ್ಳು ಹೇಳುತ್ತಾರೆ.

೧೯ ಮಾರ್ಚ್, ಶನಿವಾರ

ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಕೊನೆಯ ಸಾಲಿನ ಇರುವೆಯಂಥ ಅಕ್ಷರವನ್ನೂ ಓದಿಬಿಟ್ಟರು. "ಇಪ್ಪತ್ತು ವರ್ಷದ ಹುಡುಗನ ಕಣ್ಣು ಅದಾವ್ರಿ ಅಕ್ಕಾರ" ಎಂದು ಡಾಕ್ಟರರು ನನ್ನನ್ನೇ ಅನುಮಾನದಿಂದ ನೋಡಿದರು. ಹೊರಗೆ ಬಂದು ರಸ್ತೆ ದಾಟುವಾಗ ಅದೇ ಇಪ್ಪತ್ತರ ಹುಡುಗ ಆಟೋದ ಮುಂದೆ ಕಾಲಿಟ್ಟ. ಆಟೋದವನು ಬೈದದ್ದು ಇವರ ತಾಯಿಯನ್ನು. ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

೨೭ ಮಾರ್ಚ್, ಭಾನುವಾರ

ದೇವರಗುಡ್ಡದ ಮೈಲಾರೆಪ್ಪ ಬಂದಿದ್ದ. ಗುರುವಾರ ಇವರೇ ಅವನಿಗೆ ಒಂದು ಜೋಡಿ ಎತ್ತು ಕೊಡಿಸಿದ್ದರು. ಅವನ ಅಪ್ಪನ ಕಾಲದಿಂದಲೂ ಆ ಮನೆಗೆ ಇವರೇ ದಲಾಲಿ. ಸಂತೆಯಲ್ಲಿ ಒಂದು ರೂಢಿ ಉಂಟು: ಎತ್ತನ್ನು ನಡೆಸಿ ನೋಡಿ ಇವರು "ಹೂಂ" ಅಂದರೆ ಕೊಳ್ಳುವವನು ಮತ್ತೆ ನಡೆಸಿ ನೋಡುವುದಿಲ್ಲ. ನೋಡಿದರೆ ದಲಾಲಿಗೆ ಅವಮಾನ. ಮೈಲಾರೆಪ್ಪನೂ ನೋಡಿರಲಿಲ್ಲ.

ಕುಂದ್ರಿ ಅಂದರೂ ಕೂಡಲಿಲ್ಲ. ಪಡಸಾಲೆಯಲ್ಲಿ ನಿಂತೇ ಹೇಳಿದ: "ಅಣ್ಣಾರ, ಒಂದು ಎತ್ತು ಹಿಂದಿನ ಬಲಗಾಲು ಎಳೀತೈತಿ. ಊರಾಗ ಸಣ್ಣ ಹುಡುಗ್ರು ಸೈತ ನಗಾಕತ್ತಾರ. ನೀವು ನಡಿಸಿ ನೋಡಿ ಹೂಂ ಅಂದ್ರಿ."

"ನಡಗಿ ಸರಿ ಇತ್ತಲೋ ಮೈಲಾರೆಪ್ಪ."

"ಹಂಗಾರ ನಿಮ್ಮ ಕಣ್ಣರ ಹೋಗಿರಬೇಕು, ಇಲ್ಲಾ ನಿಯತ್ತರ ಹೋಗಿರಬೇಕು. ಕಣ್ಣಂತೂ ಚೊಲೋನ ಅದಾವು."

ಇವರು ಎತ್ತನ್ನು ವಾಪಸು ಕೊಡಿಸುವುದಾಗಿ ಹೇಳಿದರು. ಅವನು ನೀರೂ ಕುಡಿಯದೆ ಹೋದ. ನನಗೂ ಒಂದು ಕ್ಷಣ ಅನಿಸಿತು, ಮಾರುವವನ ಜೊತೆ ಸೇರಿ ಏನಾದರೂ ಮಾಡಿದರೋ ಏನೋ ಎಂದು. ನಾಚಿಕೆಯಾಗುತ್ತದೆ, ಆದರೆ ಅನಿಸಿತು. ಇವರು ರೊಟ್ಟಿ ಮುರಿದು ಕೈಯಲ್ಲಿ ಹಿಡಿದು ಹಾಗೇ ಕುಳಿತಿದ್ದರು.

೨ ಏಪ್ರಿಲ್, ಶನಿವಾರ

ಹುಬ್ಬಳ್ಳಿಗೆ ಹೋಗಿ ಬಂದೆವು. ಮಿದುಳಿನ ಡಾಕ್ಟರು ಚಿಕ್ಕ ಪ್ರಾಯದವರು. ಮೇಜಿನ ಮೇಲೆ ಒಂದು ನಿಂಬೆಹಣ್ಣು ಉರುಳಿಸಿದರು. "ಏನ್ ಕಾಣಿಸ್ತು ಹೇಳ್ರಿ."

"ಅಲ್ಲಿತ್ತು. ಈಗ ಇಲ್ಲೈತಿ."

"ನಡುವ?"

"ನಡುವ ಏನೂ ಇಲ್ರಿ."

ಮತ್ತೆ ಉರುಳಿಸಿದರು. ಮತ್ತೆ ಅದೇ ಉತ್ತರ. ಮಜ್ಜಿಗೆ, ಬಸ್ಸು, ಆಟೋ, ಎಲ್ಲ ಒಂದೇ ಸಲ ನೆನಪಾದವು.

ಡಾಕ್ಟರು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. "ಟೀಚರ್ರ, ಕಣ್ಣಿಂದ ಹೊಂಟದ್ದು ತಲಿ ಹಿಂಭಾಗಕ್ಕ ಬರತೈತಿ. ಅಲ್ಲಿಂದ ಮುಖ್ಯ ಎರಡು ದಾರಿ ಅದಾವು. ಒಂದು, ಇದು ಏನು, ಬಣ್ಣ ಯಾವುದು, ಯಾರ ಮಾರಿ ಅನ್ನೂದು ಹೇಳತೈತಿ. ಇನ್ನೊಂದು, ಎಲ್ಲೈತಿ, ಯಾ ಕಡೆ ಹೊಂಟೈತಿ ಅನ್ನೂದು. ಚಲನಿ ನೋಡಾಕಂತನ ಎರಡೂ ಬದಿ ಒಂದೊಂದು ಸಣ್ಣ ಜಾಗ ಐತಿ. ಮಂಗ್ಯಾನ ತಲ್ಯಾಗೂ ಹಂಗ ಐತಿ, ಅಲ್ಲೇ ಮೊದಲು ಕಂಡುಹಿಡಿದ್ರು. ಇವರಿಗೆ ಎರಡೂ ಬದಿ ಪೆಟ್ಟಾಗೇತಿ. ಭಾಳ ಅಪರೂಪ."

ಅಪರೂಪವೆಂದು ಹೇಳುವಾಗ ಅವರ ಕಣ್ಣು ಹೊಳೆಯಿತು. ನನಗೆ ಸಿಟ್ಟು ಬಂತು. "ಔಷಧ?" ಎಂದೆ. ಇದಕ್ಕೆಂದೇ ಔಷಧವಿಲ್ಲ, ತಾನಾಗಿ ಸ್ವಲ್ಪ ಸುಧಾರಿಸಿದರೆ ಸುಧಾರಿಸೀತು ಎಂದರು.

ಬಸ್ಸಿನಲ್ಲಿ ಇವರು ಮೊದಲ ಸಲ ಬಾಯಿಬಿಟ್ಟರು. ನಾನು ಮಾತಾಡುವಾಗ ನನ್ನ ತುಟಿ ಒಂದು ಕಡೆ ನಿಂತಿರುತ್ತದಂತೆ, ಮಾತು ಮಾತ್ರ ಬರುತ್ತಿರುತ್ತದಂತೆ. ನೋಡಲು ಹೆದರಿಕೆಯಾಗಿ ಮುಖ ತಿರುಗಿಸುತ್ತಾರಂತೆ. "ಮೊದಲ ಹೇಳಾಕ ಏನಾಗಿತ್ರಿ ನಿಮಗ?" ಎಂದು ಬಸ್ಸಿನವರೆಲ್ಲ ತಿರುಗಿ ನೋಡುವ ಹಾಗೆ ಕೂಗಿದೆ. "ಹುಚ್ಚು ಹಿಡೀತು ಅಂತಿದ್ದಿ" ಎಂದರು. ಖರೇ, ಅನ್ನುತ್ತಿದ್ದೆ.

೪ ಏಪ್ರಿಲ್, ಸೋಮವಾರ

ಅತ್ತೆಗೆ ವಿವರಿಸಿದ್ದು ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. "ನನ್ನ ಮಗನ್ನ ಮಂಗ್ಯಾಗ ಹೋಲಿಸಿದ್ನಾ? ಅವನ ಬಾಯಾಗ ಮಣ್ಣು ಬೀಳಲಿ" ಎಂದು ಡಾಕ್ಟರನ್ನು ಶಪಿಸಿದರು. ಆಮೇಲೆ ಸ್ವಲ್ಪ ಯೋಚಿಸಿ, ಶನಿವಾರ ಹನುಮಪ್ಪನಿಗೆ ತೆಂಗಿನಕಾಯಿ ಒಡೆಸಲು ಹೇಳಿದರು. ಮಂಗನಿಂದ ಬಂದದ್ದನ್ನು ಮಂಗನ ದೇವರೇ ಸರಿಮಾಡಬೇಕಂತೆ. ಇದು ನಮ್ಮತ್ತೆ ಗದಿಗೆವ್ವನವರ ತರ್ಕ; ತೆಂಗಿನಕಾಯಿ ತಂದಿಟ್ಟೆ.

ದೊಡ್ಡ ಜಗಳ ಇವರ ಜೊತೆ. ರೋಗದ ಸಂಗತಿಯನ್ನು ಮೈಲಾರೆಪ್ಪನಿಗೆ ಹೇಳಿಬಿಡಿ ಎಂದೆ. ಸುತಾರಾಂ ಒಲ್ಲೆ ಎಂದರು.

"ನಡಗಿ ಕಾಣದ ದಲಾಲಿ ಹತ್ರ ಯಾರು ಬರ್ತಾರ? ನಮ್ಮಪ್ಪ ಕಲಿಸಿದ್ದು ಇದೊಂದ ನನಗ."

"ಹಂಗಾರ ಜನ ನಿಮಗ ನಿಯತ್ತಿಲ್ಲ ಅಂತ ಆಡಕೊಳ್ಳಲಿ?"

ಇವರು ಎದ್ದು ಹೋಗುವಾಗ ಹೊಸ್ತಿಲಿಗೆ ಬಂದಿದ್ದ ಬೆಕ್ಕನ್ನು ತುಳಿದರು.

೧೪ ಏಪ್ರಿಲ್, ಗುರುವಾರ

ಬೇಸಿಗೆ ರಜೆ ಶುರುವಾಗಿದೆ. ಹೆಸರಿಗೆ ರಜೆ.

ಮಧ್ಯಾಹ್ನ ಜಹಾಂಗೀರಣ್ಣ ಇವರನ್ನು ಸಂತೆಯಿಂದ ಮನೆಗೆ ತಂದು ಬಿಟ್ಟರು. ಅವರೂ ದಲಾಲಿಯೇ, ಇವರ ಹಳೆಯ ಗೆಳೆಯ. ಒಂದು ಹೋರಿ ಹಗ್ಗ ಹರಿದುಕೊಂಡು ಬಂತಂತೆ. ಎಲ್ಲರೂ ಓಡಿದರಂತೆ, ಇವರು ಮಾತ್ರ ಅದನ್ನು ನೋಡುತ್ತ ನಿಂತಿದ್ದರಂತೆ. ಜಹಾಂಗೀರಣ್ಣ ಜಗ್ಗದಿದ್ದರೆ ಇವತ್ತು ಇದನ್ನು ಬರೆಯುತ್ತಿರಲಿಲ್ಲ.

"ಭಾಭಿ, ಒಬ್ಬರನ್ನ ಕಳಿಸಬ್ಯಾಡ್ರಿ. ಏನಾಗೈತಿ ಅಂತ ನಾ ಕೇಳಂಗಿಲ್ಲ. ಆದ್ರ ಒಬ್ಬರನ್ನ ಕಳಿಸಬ್ಯಾಡ್ರಿ."

ಕೈಗೆ ತರಚಿದ ಗಾಯ. ಅರಿಸಿಣ ಹಚ್ಚುತ್ತ ಬಾಯಿಗೆ ಬಂದ ಹಾಗೆ ಬೈದೆ. ಅತ್ತೆ ಕೂಡ ತಡೆಯಲಿಲ್ಲ.

೧೯ ಏಪ್ರಿಲ್, ಮಂಗಳವಾರ

ಮನೆಯಲ್ಲಿ ಕುಳಿತರೆ ಗೋಡೆ ನೋಡುತ್ತಾರೆ. ಊಟ ಅರ್ಧ ರೊಟ್ಟಿಗೆ ಇಳಿದಿದೆ. ಸ್ನೇಹಾ ಫೋನು ಮಾಡಿ, "ಅವ್ವಾ, ಅಪ್ಪನ ಕಣ್ಣು ಎಲ್ಲಾ ಕೆಟ್ಟಿಲ್ಲಲ್ಲ. ನಡಗಿ ಒಂದ ತಾನ? ಅದನ್ನ ನೀನ ನೋಡು" ಎಂದಳು. ಬ್ಯಾಡಗಿಯಲ್ಲಿ ಕುಳಿತು ಹೇಳುವುದು ಸುಲಭ. ನಾನು, ಸುರೇಖಾ ಟೀಚರ್, ದನದ ಸಂತೆಯಲ್ಲಿ!

೨೦ ಏಪ್ರಿಲ್, ಬುಧವಾರ

ಇವರು ಹೇಳಿಕೊಟ್ಟರು. ಇನ್ನೇನು ಮಾಡಲಿ.

ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಟವೆಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು ಬೆರಳು ಹಿಡಿದು ಹೇಳುತ್ತಾರೆ. ಇವರೂ ಇವರ ಅಪ್ಪನೂ ಅದರಲ್ಲೇ ಇನ್ನೊಂದು ಗುಟ್ಟು ಮಾಡಿಕೊಂಡಿದ್ದರಂತೆ. ಮಾರುವವನ ಎದುರು ಅವನ ಎತ್ತಿನ ಕುಂದು ಆಡಬಾರದಲ್ಲ, ಅದಕ್ಕೆ. ತೋರುಬೆರಳು ಒತ್ತಿದರೆ ಮುಂದಿನ ಎಡಗಾಲಿನಲ್ಲಿ ದೋಷ, ನಡುಬೆರಳು ಮುಂದಿನ ಬಲಗಾಲು, ಉಂಗುರಬೆರಳು ಹಿಂದಿನ ಎಡ, ಕಿರುಬೆರಳು ಹಿಂದಿನ ಬಲ. ಅಂಗೈ ಪೂರ್ತಿ ಹಿಡಿದರೆ ಒಪ್ಪಿಗೆ. ಮೈಕಟ್ಟು, ಕೊಂಬು, ಹಲ್ಲು, ಸುಳಿ ಇವರು ನೋಡುತ್ತಾರೆ. ನಡಿಗೆ ನಾನು ನೋಡಿ ಬೆರಳು ಒತ್ತಬೇಕು.

"ಮುಂದಿನ ಕಾಲು ನೋಯ್ತಿದ್ರ ಅದನ್ನ ಊರಿದಾಗ ತಲಿ ಮ್ಯಾಲೆತ್ತತೈತಿ. ಹಿಂದಿನ ಕಾಲಾದ್ರ ಸೊಂಟ ನೋಡು. ಕಾಲು ನೋಡಬ್ಯಾಡ, ಕಾಲು ಮೋಸ ಮಾಡತೈತಿ" ಎಂದರು. ಅಂಗಳದಲ್ಲಿ ಪಕ್ಕದ ಮನೆಯ ಎಮ್ಮೆಯನ್ನು ನಾಲ್ಕು ಸಲ ಅಡ್ಡಾಡಿಸಿದೆ. ಎಮ್ಮೆಯವಳು ಪ್ರೇಮವ್ವ, "ಯಾಕ್ರಿ ಅಕ್ಕಾರ, ಎಮ್ಮಿಗೆ ಪಿ.ಟಿ. ಮಾಡಸ್ತೀರೇನು?" ಎಂದಳು. ನನ್ನ ಹಣೆಬರಹ.

೨೧ ಏಪ್ರಿಲ್, ಗುರುವಾರ

ಸೆಗಣಿ, ಧೂಳು, ನೊಣ, ಗಂಡಸರು. ಇಡೀ ಸಂತೆಯಲ್ಲಿ ಚಹಾದ ಅಮೀರಬಿಯನ್ನು ಬಿಟ್ಟರೆ ಹೆಣ್ಣು ನಾನೊಬ್ಬಳೇ. ಇವರಿಗೆ ಕಾಯಿಲೆ ಇನ್ನೂ ಪೂರ್ತಿ ವಾಸಿಯಾಗಿಲ್ಲ, ಒಬ್ಬರನ್ನೇ ಬಿಡುವಂತಿಲ್ಲ ಎಂದು ನೆಪ ಹೇಳಿದೆವು. ಅದು ಸುಳ್ಳೂ ಅಲ್ಲ. ಗಂಡನ ಕೈಯನ್ನು ಟವೆಲ್ಲಿನ ಕೆಳಗೆ ಹಿಡಿದು ನಿಂತವಳನ್ನು ಕಂಡು ಹಿಂದೆ ಯಾರೋ ನಕ್ಕರು. ಸೀರೆಯ ಅಂಚಿಗೆ ಆದದ್ದನ್ನು ಇಲ್ಲಿ ಬರೆಯುವುದಿಲ್ಲ.

ಎರಡು ಜೋಡಿ ನೋಡಿದೆ. ಎರಡರಲ್ಲೂ ನನಗೆ ಎಂಟು ಕಾಲು ಕಂಡವು, ದೋಷ ಕಾಣಲಿಲ್ಲ.

೫ ಮೇ, ಗುರುವಾರ

ಇವತ್ತು ಕಿರುಬೆರಳು ಒತ್ತಿದೆ. ಇವರು ಕೊಳ್ಳುವವನಿಗೆ ಬೇಡವೆಂದು ತಲೆ ಅಲ್ಲಾಡಿಸಿದರು. ಮಾರಲು ಬಂದವನು ತಾನೇ ಒಪ್ಪಿಕೊಂಡ, ಕಳೆದ ವರ್ಷ ಗೊರಸು ಸೀಳಿತ್ತಂತೆ. ಇವರು ಟವೆಲ್ಲಿನ ಕೆಳಗೆ ನನ್ನ ಕೈ ಜೋರಾಗಿ ಅದುಮಿದರು. ಬಳೆ ಒಡೆಯಿತು. ಹಸಿರು ಬಳೆ, ಡಜನ್ನಿನಲ್ಲಿ ಉಳಿದಿದ್ದೇ ಐದು.

೧೨ ಮೇ, ಗುರುವಾರ

ಬಿಸಿಲು. ಮೂರು ಜೋಡಿ. ಒಂದು ಉಂಗುರಬೆರಳು. ಬರೆಯಲು ತ್ರಾಣವಿಲ್ಲ.

೧೮ ಮೇ, ಬುಧವಾರ

ಶಾಲೆಗೆ ಸಹಿ ಹಾಕಲು ಹೋಗಿದ್ದೆ. ನಮ್ಮ ಹೆಡ್‌ಮಾಸ್ತರರು ಬಲಗಾಲು ಹೊರಗೆ ಹಾಕಿ ನಡೆಯುತ್ತಾರೆ, ಬಹುಶಃ ಮೊಣಕಾಲಿನದು. ಹನ್ನೊಂದು ವರ್ಷದಿಂದ ಅವರ ಹಿಂದೆ ಪ್ರಾರ್ಥನೆಗೆ ಹೋಗುತ್ತಿದ್ದೇನೆ, ಕಂಡಿರಲೇ ಇಲ್ಲ. "ಸರ್, ಎಣ್ಣಿ ಹಚ್ಚಿ ತಿಕ್ಕಿಸ್ಕೊಳ್ರಿ" ಎಂದೆ. ಗಾಬರಿಯಾದರು.

ಸಂತೆಯ ಚಪ್ಪಲಿ ಹಿತ್ತಲಲ್ಲೇ ಬಿಡಬೇಕಿತ್ತು, ಮರೆತು ಒಳಗೆ ಬಂದುಬಿಟ್ಟಿದ್ದೆ. ಅತ್ತೆ ನೋಡಿ ನಕ್ಕರು. ಅದರಲ್ಲಿ ನಗುವಂಥದ್ದೇನು?

ಇವರಿಗೆ ಈಗ ಮಜ್ಜಿಗೆ ನಾನೇ ಬಗ್ಗಿಸಿ ಕೊಡುತ್ತೇನೆ. ಮಾತಾಡುವ ಮೊದಲು ಅವರ ಪಕ್ಕಕ್ಕೆ ಹೋಗಿ ಕುಳಿತುಕೊಳ್ಳುತ್ತೇನೆ, ನನ್ನ ಬಾಯಿ ನೋಡಬೇಕಾದ ಫಜೀತಿ ಬೇಡವೆಂದು. ಕೆಲಸ ಬೇಗ ಆಗುತ್ತದೆ, ಅದಕ್ಕೆ.

೨೬ ಮೇ, ಗುರುವಾರ

ಏನು ಬರೆಯಲಿ, ಎಲ್ಲಿಂದ ಬರೆಯಲಿ.

ಮುಂಗಾರಿಗೆ ಮುಂಚಿನ ಸಂತೆ, ಕಾಲಿಡಲು ಜಾಗವಿರಲಿಲ್ಲ. ಬೇವಿನ ಮರದ ಬಳಿ ಮೈಲಾರೆಪ್ಪ ಇನ್ನೊಬ್ಬ ದಲಾಲಿಯ ಜೊತೆ ನಿಂತಿದ್ದ. ಕೆಂಪು ರುಮಾಲಿನವನು, ಇವರನ್ನು ಕಂಡರೆ ಆಗದವನು. ಒಂದು ಬಿಳಿ ಜೋಡಿಯನ್ನು ನಡೆಸುತ್ತಿದ್ದರು. ನೋಡಬಾರದೆಂದುಕೊಂಡೆ. ಆದರೆ ಕಣ್ಣು ಹೋಗೇಬಿಟ್ಟಿತು. ಬಲಗಡೆಯ ಎತ್ತು ನಾಲ್ಕೈದು ಹೆಜ್ಜೆಗೊಮ್ಮೆ ತಲೆ ಮೇಲೆತ್ತುತ್ತಿತ್ತು, ಮುಂದಿನ ಬಲಗಾಲು ಊರಿದಾಗಲೇ. ಸೆಗಣಿಯ ಮೆತ್ತನೆ ನೆಲ, ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಇವರ ನಡುಬೆರಳು ಒತ್ತಿದೆ. ಇವರು ಪಿಸುಗುಟ್ಟಿದರು: "ಅದು ನಮ್ಮ ವ್ಯಾಪಾರ ಅಲ್ಲ. ಸುಮ್ಮನಿರು."

ಒಬ್ಬರು ಕುದುರಿಸುವ ವ್ಯಾಪಾರಕ್ಕೆ ಇನ್ನೊಬ್ಬರು ಬಾಯಿ ಹಾಕಬಾರದು, ಅದು ಸಂತೆಯ ಕಟ್ಟಳೆ. ನನಗೂ ಗೊತ್ತು. ಆದರೆ ಆ ಮೈಲಾರೆಪ್ಪ ಎರಡನೇ ಸಲ ಕುಂಟೆತ್ತು ಹೊಡೆದುಕೊಂಡು ಊರಿಗೆ ಹೋಗುವುದನ್ನು ನೆನೆದು ತಡೆಯಲಾಗಲಿಲ್ಲ. ಅರವತ್ತು ಮಕ್ಕಳ ತರಗತಿಯಲ್ಲಿ ಕೂಗುವ ದನಿಯಲ್ಲಿ ಕೂಗಿದೆ: "ಮೈಲಾರೆಪ್ಪ, ಬ್ಯಾಡ! ಆ ಎತ್ತು ಮುಂದಿನ ಬಲಗಾಲು ಊರವಲ್ದು!"

ಸುತ್ತಲಿನವರೆಲ್ಲ ತಿರುಗಿದರು. ಕೆಂಪು ರುಮಾಲಿನವನು ಕೆರಳಿದ. "ಹೆಣ್ಮಗಳಿಗೆ ಎತ್ತಿನ ನಡಗಿ ಏನ್ ಗೊತ್ತು? ಹಾಲಸಿದ್ದಪ್ಪ, ನಿನ್ನ ಹೆಂಡ್ತಿ ಹೇಳಿದ್ದು ಖರೇ ಏನು? ನೀ ನೋಡಿ ಹೇಳು."

ಎತ್ತನ್ನು ಇವರ ಮುಂದೆ ಮತ್ತೆ ನಡೆಸಿದರು. ಇವರು "ಹೌದು, ಖರೇ" ಅಂದಿದ್ದರೆ ಮುಗಿಯುತ್ತಿತ್ತು. ನಾನು ಬೆರಳು ಒತ್ತಿಯೇ ಇದ್ದೆ, ಉತ್ತರ ಅವರ ಕೈಯಲ್ಲೇ ಇತ್ತು. ಇವರು ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡರು. ನಮ್ಮ ಕೈ ಎಲ್ಲರಿಗೂ ಕಂಡಿತು.

"ನನಗ ಕಾಣೂದಿಲ್ಲ" ಎಂದರು. "ಎತ್ತು ಕಾಣತೈತಿ, ಅದರ ನಡಗಿ ಕಾಣೂದಿಲ್ಲ. ಜಡ್ಡಾದಾಗ ತಲ್ಯಾಗ ಆ ಜಾಗ ಸತ್ತು ಹೋಗೈತಿ. ಮೈಲಾರೆಪ್ಪ, ನಿನಗ ಆ ಜೋಡಿ ಕೊಡಿಸಿದಾಗ ನಾ ನೋಡಿದಂಗ ಮಾಡಿದ್ದೆ. ನೋಡಿರಲಿಲ್ಲ. ನಿಯತ್ತು ಹೋಗಿಲ್ಲಪ್ಪ ನಂದು, ನಡಗಿ ನೋಡೂದು ಹೋಗೈತಿ. ಈಗ ಒಂದು ತಿಂಗಳಿಂದ ನಡಗಿ ಇಕಿ ನೋಡಾಕತ್ತಾಳ."

ಯಾರೋ ಒಬ್ಬ ನಕ್ಕ. ಜಹಾಂಗೀರಣ್ಣ ಮುಂದೆ ಬಂದು, "ಇಲ್ಲಿ ಬ್ಯಾಡ, ಡಾಂಬರಿನ ಮ್ಯಾಲೆ ನಡಸ್ರಿ" ಎಂದರು. ಗಟ್ಟಿ ರಸ್ತೆಯಲ್ಲಿ ಹತ್ತು ಹೆಜ್ಜೆ ಇಟ್ಟಿತೋ ಇಲ್ಲವೋ, ತಲೆ ಎತ್ತುವುದು ಕುರುಡನಿಗೂ ಕಾಣುವ ಹಾಗಿತ್ತು. ಇವರೊಬ್ಬರಿಗೆ ಬಿಟ್ಟು.

ಮೈಲಾರೆಪ್ಪ ಆ ಎತ್ತನ್ನೂ ಕೊಳ್ಳಲಿಲ್ಲ, ಬೇರೆಯದನ್ನೂ ಕೊಳ್ಳಲಿಲ್ಲ. ಇವರ ಹತ್ತಿರ ಬಂದ. "ಆವತ್ತ ಹೇಳಬೇಕಿತ್ರಿ ಅಣ್ಣಾರ" ಎಂದ. ನನ್ನ ಕಡೆ ತಿರುಗಿ, "ಮುಂದಿನ ವಾರ ಬರ್ತೀರೇನ್ರಿ ಅಕ್ಕಾರ?" ಎಂದು ಕೇಳಿದ. ಸೋಮವಾರ ಶಾಲೆ ತೆರೆಯುತ್ತದೆ, ಗುರುವಾರ ರಜೆ ಯಾರು ಕೊಡುತ್ತಾರೆ, ಇವರಿಗೆಲ್ಲ ನಾನು ಬಿಟ್ಟಿ ಸಿಕ್ಕಿದ್ದೇನೆಯೇ? "ನೋಡೂಣು" ಎಂದೆ. ವರ್ಷಕ್ಕೆ ಹದಿನೈದು ಸಾಂದರ್ಭಿಕ ರಜೆ ಇವೆ, ಎಲ್ಲ ಗುರುವಾರಕ್ಕೂ ಸಾಲುವುದಿಲ್ಲ.

ರಾಣೆಬೆನ್ನೂರಿನಲ್ಲಿ ಬಸ್ಸಿಳಿದು ಮನೆಯ ಕಡೆ ನಡೆದೆವು. ರಸ್ತೆ ದಾಟಿಸಲು ಕೈ ಹಿಡಿದಿದ್ದೆ. ದಾಟಿದ ಮೇಲೆ ಇವರು ಇದ್ದಕ್ಕಿದ್ದ ಹಾಗೆ ಹೇಳಿದರು:

"ನಿನ್ನ ನೋಡಾಕ ಬ್ಯಾಡಗಿಗೆ ಬಂದಿದ್ವಲ್ಲ, ನೀ ಉಪ್ಪಿಟ್ಟು ಕೊಟ್ಟು ಒಳಗ ಹೋಗೂ ಮುಂದ ಅಪ್ಪ ಟವೆಲ್ಲಿನ ಕೆಳಗ ನನ್ನ ಉಂಗುರಬೆರಳು ಒತ್ತಿದ್ದ."

ನಾನು ಅಲ್ಲೇ ನಿಂತೆ. ಉಂಗುರಬೆರಳು. ಹಿಂದಿನ ಎಡ! ಹೆಣ್ಣು ನೋಡಲು ಬಂದ ಮನೆಯಲ್ಲಿ, ಉಪ್ಪಿಟ್ಟು ತಿನ್ನುತ್ತ, ನನ್ನನ್ನು ನಾಲ್ಕು ಕಾಲಿನದರ ಹಾಗೆ ನೋಡಿದ್ದಾರೆ ಅಪ್ಪ ಮಗ ಇಬ್ಬರೂ! ಸಣ್ಣವಳಿದ್ದಾಗ ಬಾವಿಕಟ್ಟೆಯಿಂದ ಬಿದ್ದದ್ದು ನಿಜ. ಅದು ವಾಸಿಯಾಗಿತ್ತು. ವಾಸಿಯಾಗಿದೆಯೆಂದೇ ಇಷ್ಟು ದಿನ ತಿಳಿದಿದ್ದೆ.

"ನೀವೇನ್ ಮಾಡಿದ್ರಿ?"

"ನಾ ಅಪ್ಪನ ಅಂಗೈ ಪೂರ್ತಿ ಹಿಡದೆ."

ಇಪ್ಪತ್ತೆರಡು ವರ್ಷ ಬಾಯಿಬಿಡದ ಮನುಷ್ಯ ಆಮೇಲೆ ನಿಲ್ಲಿಸಲೇ ಇಲ್ಲ. "ಈಗ ನೀ ನಡಿಯೂದು ಕಾಣೂದಿಲ್ಲ. ಆದ್ರ ಹಿಂಗ ಕೈ ಹಿಡಕೊಂಡ್ರ ಅದು ಬರತೈತಿ, ಸಣ್ಣ ಜಗ್ಗು, ಹೆಜ್ಜಿ ಬಿಟ್ಟು ಹೆಜ್ಜಿಗೆ. ಸಂತ್ಯಾಗ ಯಾರ್ಯಾರೋ ಕೈ ಹಿಡದು ದಾಟಸ್ತಾರ. ನೀನ ಅಂತ ನನಗ ಗೊತ್ತಾಗಿಬಿಡತೈತಿ."

ಮೈಯೆಲ್ಲ ಉರಿದುಹೋಯಿತು. ನಮ್ಮ ಓಣಿಯಲ್ಲಿ ಆಟೋ ಇಲ್ಲ, ಬಸ್ಸಿಲ್ಲ, ಹಿಡಿಯುವ ಅಗತ್ಯವೇನೂ ಇರಲಿಲ್ಲ. ಕಲ್ಲು ಎಡವಿಯಾರು ಎಂದು ಕೈ ಬಿಡಲಿಲ್ಲ, ಅಷ್ಟೆ.